ನೆರಳು ಉಳಿದ ಎರಡು, ನೆರಳು ಕಳೆದ ಒಂದು: ಮೂರು ಬರೋಕ್ ಭಾವಚಿತ್ರಗಳ ಮುದ್ರಣ ಪ್ರತಿಗಳು

ಹದಿನೇಳನೆಯ ಶತಮಾನದ ಯುರೋಪಿನ ಬರೋಕ್ ಶೈಲಿಯ ಭಾವಚಿತ್ರದ ಮುದ್ರಣ ಪ್ರತಿಯೊಂದು ಕೈಗೆ ಬಂದಾಗ ಹೆಚ್ಚಿನವರ ಕಣ್ಣು ಮೊದಲು ಹೋಗುವುದು ಬೆಳಕು ಬಿದ್ದಿರುವ ಹಣೆಗೆ ಅಥವಾ ಕೆನ್ನೆಗೆ. ಆದರೆ ಪ್ರತಿ ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ಹೇಳುವುದು ಆ ಕೆನ್ನೆಯಲ್ಲ, ಅದರ ಆಚೆ ಬದಿಯ ಕತ್ತಲೆ. ಕಲಾಮುದ್ರಣವನ್ನೇ ವೃತ್ತಿಯಾಗಿಸಿಕೊಂಡ ಸಂಸ್ಥೆಯೊಂದರಿಂದ ಮೂರು ಪ್ರತಿಗಳನ್ನು ತರಿಸಿಕೊಂಡು ಎರಡು ತಿಂಗಳು ಬೇರೆ ಬೇರೆ ಹೊತ್ತಿನ ಬೆಳಕಿನಲ್ಲಿ ನೋಡಿದ ಮೇಲೆ ಈ ಮಾತನ್ನು ಹೇಳುತ್ತಿದ್ದೇನೆ.

ಮೊದಲನೆಯದು ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂನಲ್ಲಿರುವ, ಡಚ್ ಚಿತ್ರಕಾರ ರೆಂಬ್ರಾಂಟ್ ಸುಮಾರು 1628ರಲ್ಲಿ ಬರೆದ ಆತ್ಮಚಿತ್ರ. ಮೂಲಚಿತ್ರದ ಅಳತೆ 22.6 × 18.7 ಸೆಂ.ಮೀ. ಮಾತ್ರವಾದ್ದರಿಂದ ಪ್ರತಿಯನ್ನೂ ಅದೇ ಅಳತೆಯಲ್ಲಿ ಮಾಡಿಸಿದೆ. ಇಪ್ಪತ್ತೆರಡರ ಆಸುಪಾಸಿನ ಆ ಯುವಕ ಬೆಳಕನ್ನು ಕುತ್ತಿಗೆಗೆ, ಕಿವಿಯ ಹಾಲೆಗೆ, ಒಂದು ಕೆನ್ನೆಗೆ ಮತ್ತು ಮೂಗಿನ ತುದಿಗೆ ಕೊಟ್ಟು, ಭಾವಚಿತ್ರದಲ್ಲಿ ಎಲ್ಲರೂ ಹುಡುಕುವ ಕಣ್ಣುಗಳನ್ನೇ ನೆರಳಿಗೆ ಬಿಟ್ಟಿದ್ದಾನೆ. ನೋಡುವವರು ಅವನ್ನು ಅರಸಬೇಕಾಗುತ್ತದೆ. ಅರಸುತ್ತ ನಿಂತಾಗ, ಅವು ಆಗಲೇ ನಮ್ಮನ್ನು ನೋಡುತ್ತಿದ್ದವು ಎಂಬ ಅರಿವು ನಿಧಾನವಾಗಿ ಮೂಡುತ್ತದೆ. ಈ ಚಿತ್ರದ ಮನೋವ್ಯಾಪಾರವೆಲ್ಲ ಈ ತಡವಾದ ಗುರುತಿನಲ್ಲಿದೆ. ಕಣ್ಣಿನ ಕಪ್ಪಿಗೂ ಅದರ ಸುತ್ತಲಿನ ನೆರಳಿಗೂ ನಡುವಿನ ಅತಿ ಸಣ್ಣ ಅಂತರ ಮುದ್ರಣದಲ್ಲಿ ಅಳಿಸಿಹೋದರೆ ಅಲ್ಲಿ ಎರಡು ಗುಳಿಗಳಷ್ಟೇ ಉಳಿಯುತ್ತವೆ. ನನ್ನ ಪ್ರತಿಯಲ್ಲಿ ಅಂತರ ಉಳಿದಿದೆ. ಕುಂಚದ ಹಿಡಿಯ ತುದಿಯಿಂದ ಹಸಿ ಬಣ್ಣವನ್ನು ಗೀರಿ ಎಬ್ಬಿಸಿದ ಗುಂಗುರು ಕೂದಲಿನ ಒಂದೊಂದು ಗೆರೆಯೂ ಕಾಣುತ್ತದೆ.

ಇದಕ್ಕೆ ಬಹುಪಾಲು ಕಾರಣ ಕಾಗದ. ಈ ಪ್ರತಿಯನ್ನು ಬರೈಟಾ (ಬೇರಿಯಂ ಸಲ್ಫೇಟ್ ಎಂಬ ಬಿಳಿ ಪುಡಿಯ) ಲೇಪನದ, ತುಸು ಹೊಳಪಿರುವ ಕಾಗದದ ಮೇಲೆ ಮಾಡಿಸಿದ್ದೆ. ತೈಲವರ್ಣದ ಚಿತ್ರದ ಮೇಲೆ ವಾರ್ನಿಷ್ ಇರುತ್ತದೆ. ಒದ್ದೆಯಾದ ಕಲ್ಲಿನ ಬಣ್ಣ ಗಾಢವಾಗುವಂತೆ ವಾರ್ನಿಷ್ಷಿನ ಕೆಳಗಿನ ಕಂದು, ಕಪ್ಪುಗಳು ಆಳವಾಗುತ್ತವೆ. ಮಂದ ಮೇಲ್ಮೈಯ ಹತ್ತಿಕಾಗದ ಎಷ್ಟೇ ಸೊಗಸಾಗಿದ್ದರೂ ಬೆಳಕನ್ನು ಎಲ್ಲ ಕಡೆಗೂ ಚೆದುರಿಸುವುದರಿಂದ ಅದರ ಕಪ್ಪು ಬೂದಿಯತ್ತ ವಾಲುತ್ತದೆ. ಜಲವರ್ಣಕ್ಕೋ ರೇಖಾಚಿತ್ರಕ್ಕೋ ಅದು ಒಳ್ಳೆಯ ಆಯ್ಕೆ, ಬರೋಕ್ ಕತ್ತಲೆಗೆ ಅಲ್ಲ.

ಎರಡನೆಯದು ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ, 1659ರ ಆತ್ಮಚಿತ್ರ. 1656ರಲ್ಲಿ ದಿವಾಳಿಯಾಗಿದ್ದ ರೆಂಬ್ರಾಂಟ್‌ಗೆ ಆಗ 53 ವರ್ಷ. ಹಣೆ ಮತ್ತು ಕೆನ್ನೆಯ ಮೇಲೆ ಬಣ್ಣ ದಪ್ಪವಾಗಿ, ಗಡ್ಡೆಗಡ್ಡೆಯಾಗಿ ನಿಂತಿದ್ದರೆ, ಕೆಳಗೆ ಕೂಡಿಸಿಕೊಂಡ ಕೈಗಳು ನಾಲ್ಕಾರು ಕುಂಚದ ಎಳೆತಗಳಲ್ಲಿ ಮಬ್ಬಾಗಿ ಮುಗಿಯುತ್ತವೆ. ಪ್ರತಿಯ ಬಣ್ಣದಲ್ಲಿ ದೂರುವಂಥದ್ದು ಏನೂ ಇಲ್ಲ. ಮೂಲದಲ್ಲಿ ಮಾತ್ರ ಆ ದಪ್ಪ ಬಣ್ಣದ ಏರುತಗ್ಗುಗಳು ಕೋಣೆಯ ಬೆಳಕನ್ನು ತಾವೇ ಹಿಡಿದು ತಮ್ಮದೇ ಕಿರುನೆರಳನ್ನು ಚೆಲ್ಲುತ್ತವೆ. ಚಪ್ಪಟೆ ಕಾಗದದಲ್ಲಿ ಆ ನೆರಳು ಛಾಯಾಚಿತ್ರ ತೆಗೆದ ಕ್ಷಣಕ್ಕೇ ನಿಂತುಬಿಟ್ಟಿರುತ್ತದೆ. ನಾವು ಪಕ್ಕಕ್ಕೆ ಸರಿದರೂ ಅದು ಸರಿಯುವುದಿಲ್ಲ. ಈ ಕೊರತೆ ಮುದ್ರಕರದಲ್ಲ, ಮಾಧ್ಯಮದ್ದು.

ಮುದ್ರಕರದೇ ಆದ ತಪ್ಪು ಇರುವುದು ಮೂರನೆಯದರಲ್ಲಿ, ಮತ್ತು ಅದು ನನ್ನನ್ನು ನಿಜಕ್ಕೂ ನೋಯಿಸಿತು. ಇದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿರುವ, ಸ್ಪೇನಿನ ಚಿತ್ರಕಾರ ವೆಲಾಸ್ಕೆಸ್ 1650ರಲ್ಲಿ ರೋಮಿನಲ್ಲಿ ಬರೆದ ಹುವಾನ್ ದೆ ಪರೇಹಾನ ಭಾವಚಿತ್ರ. ಪರೇಹಾ ಆಗ ವೆಲಾಸ್ಕೆಸನ ಗುಲಾಮ, ಅವನ ಚಿತ್ರಶಾಲೆಯ ಸಹಾಯಕ. ಆ ವರ್ಷದ ಮಾರ್ಚಿನಲ್ಲಿ ಚಿತ್ರ ರೋಮಿನ ಪುರಾತನ ಕಟ್ಟಡವಾದ ಪ್ಯಾಂಥಿಯಾನಿನಲ್ಲಿ ಪ್ರದರ್ಶನಗೊಂಡಿತು. ನವೆಂಬರಿನಲ್ಲಿ ಅವನ ಬಿಡುಗಡೆಯ ಪತ್ರಕ್ಕೆ ಸಹಿ ಬಿತ್ತು, ಅದೂ ಇನ್ನು ನಾಲ್ಕು ವರ್ಷ ಸೇವೆ ಮಾಡಬೇಕೆಂಬ ಷರತ್ತಿನೊಂದಿಗೆ. ಚಿತ್ರದಲ್ಲಿ ಅವನು ಒಂದು ಕೈಯನ್ನು ಸೊಂಟದ ಮೇಲೆ ಅಡ್ಡಲಾಗಿ ತಂದು, ತಲೆ ತಗ್ಗಿಸದೆ, ಸಮಾನನೊಬ್ಬನನ್ನು ನೋಡುವಂತೆ ನಮ್ಮನ್ನು ನೋಡುತ್ತಾನೆ. ಇಲ್ಲಿ ಇಟಲಿಯ ಚಿತ್ರಕಾರ ಕರವಾಜ್ಜೊನ ಚಿತ್ರಗಳಲ್ಲಿರುವಂಥ ಕಗ್ಗತ್ತಲೆಯೇ ಇಲ್ಲ. ಹಿನ್ನೆಲೆಯದು ಬೂದು, ಹಸಿರು, ಕಂದು ಬೆರೆತ ಗಾಳಿಯಂಥ ಬಣ್ಣ. ಅದರೊಳಗಿಂದ ಉಡುಪು, ಉಡುಪಿನಿಂದ ಬಿಳಿಯ ಕಸೂತಿ ಕೊರಳಪಟ್ಟಿ, ಅದರ ಮೇಲೆ ಕಂದು ಮುಖ, ಹೀಗೆ ಒಂದು ಇನ್ನೊಂದರಿಂದ ಹೊರಬರುತ್ತದೆ.

ಬಂದ ಪ್ರತಿಯಲ್ಲಿ ಆ ಗಾಳಿ ಕಪ್ಪು ಗೋಡೆಯಾಗಿತ್ತು. ‘ಬರೋಕ್ ಪರಿಣಾಮ’ಕ್ಕಾಗಿ ಯಾರೋ ಕಾಂಟ್ರಾಸ್ಟ್ ಹೆಚ್ಚಿಸಿದ್ದಾರೆ. ಕೊರಳಪಟ್ಟಿ ಕಣ್ಣು ಕುಕ್ಕುವಂತೆ ಬೆಳಗುತ್ತಿದೆ, ಮುಖದ ನೆರಳಿನ ಬದಿ ಒಂದೇ ಬಳಿತದಲ್ಲಿ ಮುಚ್ಚಿಹೋಗಿದೆ. ಆ ಮುಖದಲ್ಲಿ ಅಭಿಮಾನವೂ ಎಚ್ಚರಿಕೆಯೂ ಒಟ್ಟಿಗೆ ನೆಲೆಸಿರುವುದು ಕೆನ್ನೆಯಿಂದ ದವಡೆಗೆ ಇಳಿಯುವ ಹತ್ತಾರು ಕಂದು ಛಾಯೆಗಳಲ್ಲಿ. ಅವು ಹೋದಮೇಲೆ ಉಳಿದದ್ದು ಗಡ್ಡ ಬಿಟ್ಟ, ಗಂಭೀರನಾದ ಯಾರೋ ಒಬ್ಬ. ಕಂದು ಚರ್ಮವನ್ನು ಇಷ್ಟು ಗಮನವಿಟ್ಟು ಬರೆದ ಚಿತ್ರವನ್ನು ಮುದ್ರಿಸುವಾಗ ಆ ಗಮನವನ್ನೇ ಅಳಿಸುವುದು ತಾಂತ್ರಿಕ ದೋಷಕ್ಕಿಂತ ದೊಡ್ಡದು ಎಂದು ನನಗನ್ನಿಸುತ್ತದೆ.

ಮ್ಯೂಸಿಯಂ ಪ್ರಕಟಿಸಿರುವ ಚಿತ್ರದ ಪಕ್ಕದಲ್ಲಿಟ್ಟು ವ್ಯತ್ಯಾಸವನ್ನು ತೋರಿಸಿ ಬರೆದೆ. ನಾಲ್ಕು ದಿನಗಳಲ್ಲಿ ಉತ್ತರ ಬಂತು. ವಾದ ಮಾಡದೆ ಹೊಸ ಪ್ರತಿ ಕಳಿಸಿದರು. ಅದು ಮೊದಲಿನದಕ್ಕಿಂತ ಬಹಳ ಮೇಲು, ಹಿನ್ನೆಲೆಯ ಹಸಿರು ಮರಳಿದೆ, ದವಡೆಯ ಕೆಳಭಾಗ ಮಾತ್ರ ಇನ್ನೂ ಸ್ವಲ್ಪ ಬಿಗಿದಂತಿದೆ. ಪ್ಯಾಕಿಂಗ್ ಮೂರೂ ಬಾರಿ ನಿರ್ದೋಷವಾಗಿತ್ತು. ಚೌಕಟ್ಟನ್ನು ಅವರಿಂದ ಮಾಡಿಸುವುದಾದರೆ ಪ್ರತಿಫಲನ ತಡೆಯುವ ಗಾಜನ್ನೇ ಕೇಳಿ, ಏಕೆಂದರೆ ಸಾಮಾನ್ಯ ಗಾಜಿನಲ್ಲಿ ಕಪ್ಪು ಭಾಗವೆಲ್ಲ ಕನ್ನಡಿಯಾಗಿ, ರೆಂಬ್ರಾಂಟನ ಕಣ್ಣು ಇರಬೇಕಾದಲ್ಲಿ ಎದುರಿನ ಕಿಟಕಿ ಕಾಣುತ್ತದೆ.

ಎರಡು ಆತ್ಮಚಿತ್ರಗಳಿಗಾಗಿ ಈ ಸಂಸ್ಥೆಯ ಕೆಲಸವನ್ನು ಸಂಕೋಚವಿಲ್ಲದೆ ಮೆಚ್ಚುತ್ತೇನೆ. ವೆಲಾಸ್ಕೆಸನಂಥ ಮೃದು ನೆರಳಿನ ಚಿತ್ರವಾದರೆ, ಪೂರ್ತಿ ಪ್ರತಿಗೆ ಒಪ್ಪಿಗೆ ಕೊಡುವ ಮೊದಲು ಮುಖದ ಕತ್ತಲ ಬದಿಯ ಒಂದು ಪಟ್ಟಿಯನ್ನಷ್ಟೇ ಮಾದರಿಯಾಗಿ ಮುದ್ರಿಸಿ ಕಳಿಸಲು ಹೇಳಿ, ಅದನ್ನು ಹಗಲು ಬೆಳಕಿನಲ್ಲಿ ಕಿಟಕಿಯ ಬಳಿ ಹಿಡಿದು ನೋಡಿ.