ಸ್ಕೂಲ್ ಬ್ಯಾಗು, ಒಳಗೊಂದು ಫೋಮ್ ಡಬ್ಬಿ: ವಿಮಾನಕ್ಕೆ ನನ್ನ ಕ್ಯಾಮೆರಾ ಚೀಲ

ಮೊದಲು ಹಳೆ ಕ್ಯಾಮೆರಾ ಬ್ಯಾಗಿನ ಕಥೆ. ದಪ್ಪ ಫೋಮು, ಸೊಂಟಕ್ಕೆ ಪಟ್ಟಿ, ಎಲ್ಲೆಲ್ಲೂ ಜಿಪ್ಪು. ನಾಲ್ಕು ವರ್ಷ ಜೀಪಿನಲ್ಲಿ ಹಾಕ್ಕೊಂಡು ನಾಗರಹೊಳೆ ಸುತ್ತಿದೆ, ಒಳಗಿನ ಸಾಮಾನಿಗೆ ಒಂದು ಗೀರೂ ಬೀಳಲಿಲ್ಲ. ರಾಜಸ್ಥಾನದ ಭರತ್‌ಪುರದ ಹಕ್ಕಿಗಳನ್ನು ನೋಡಲು ವಿಮಾನ ಹತ್ತಲು ಹೋದಾಗ ಅದರ ಬಣ್ಣ ಬಯಲಾಯಿತು. ವಿರಾಜಪೇಟೆ ಕಡೆಯವರಿಗೆ ಕಣ್ಣೂರು ವಿಮಾನ ನಿಲ್ದಾಣವೇ ಹತ್ತಿರ. ಮಾಕುಟ್ಟ ಘಾಟಿ ಇಳಿದರೆ ಆಯ್ತು. ಕೈಚೀಲಕ್ಕೆ ಮಿತಿ 7 ಕಿಲೋ. ಕೌಂಟರಿನಲ್ಲಿ ನನ್ನದು 8.6 ತೋರಿಸಿತು.

ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಒಂದು ಕ್ಯಾಮೆರಾ ಕುತ್ತಿಗೆಗೆ, ಚಿಕ್ಕ ಲೆನ್ಸು ಜಾಕೆಟ್ ಜೇಬಿಗೆ, ಬ್ಯಾಟರಿ ಪ್ಯಾಂಟಿಗೆ. ಕೌಂಟರಿನ ಹುಡುಗ ಸುಮ್ನೆ ನೋಡುತ್ತಾ ನಿಂತಿದ್ದ. ಹಿಂದೆ ಕ್ಯೂ ಬೆಳೆಯುತ್ತಿತ್ತು. ಮಾನ ಹೋಯಿತು ಅಂತಲೇ ಹೇಳಬೇಕು.

ಮನೆಗೆ ಬಂದು ಕರಿಮೆಣಸು ತೂಗುವ ತಕ್ಕಡಿ ಮೇಲೆ ಒಂದೊಂದೇ ಇಟ್ಟೆ. ನಿಕಾನ್ 200-500 ಲೆನ್ಸು 2.3 ಕಿಲೋ. ಡಿ500 ಕ್ಯಾಮೆರಾ ಬ್ಯಾಟರಿ ಸಮೇತ 860 ಗ್ರಾಂ. ಇವೆರಡರ ಜೊತೆ ಇನ್ನೊಂದು ಕ್ಯಾಮೆರಾ, ಚಿಕ್ಕ ಲೆನ್ಸು, ಲ್ಯಾಪ್‌ಟಾಪು, ಚಿಲ್ಲರೆ ಸಾಮಾನು ಎಲ್ಲ ಸೇರಿ ಒಟ್ಟು 6.2. ಖಾಲಿ ಬ್ಯಾಗು 2.4! ಪಕ್ಕದಲ್ಲಿದ್ದ ತೋಟದ ರೈಟ್ರು (ಲೆಕ್ಕ ಬರೆಯುವವರು) ನಕ್ಕರು: "ಔಟ್‌ಟರ್ನ್ ಸಾಲದು ಸಾರ್, ಸಿಪ್ಪೆ ಜಾಸ್ತಿ." ಕಾಫಿಯಲ್ಲಿ ಸಿಪ್ಪೆ ಕಳೆದು ಉಳಿಯುವ ಬೀಜದ ಪಾಲಿಗೆ ಔಟ್‌ಟರ್ನ್ ಅಂತಾರೆ.

ಸಿಪ್ಪೆ ಕಮ್ಮಿ ಮಾಡಲೆಂದೇ ಈ ಫೋಮ್ ಡಬ್ಬಿ ತರಿಸಿದೆ. ಮಾಮೂಲಿ ಬ್ಯಾಗಿನೊಳಗೆ ಇಟ್ಟು ಕ್ಯಾಮೆರಾ, ಲೆನ್ಸು ಜೋಡಿಸಿಕೊಳ್ಳುವ ಡಬ್ಬಿ ಇದು. ಆನ್‌ಲೈನಿನಲ್ಲಿ 900 ರೂಪಾಯಿ, ತೂಕ 300 ಗ್ರಾಂ. ಮಗಳ ಹಳೆ ಸ್ಕೂಲ್ ಬ್ಯಾಗು 650 ಗ್ರಾಂ. ಅದರೊಳಗೆ ಇದು ಸರಿಯಾಗಿ ಕೂರುತ್ತದೆ, ಬೆನ್ನಿನ ಕಡೆ ಲ್ಯಾಪ್‌ಟಾಪಿಗೂ ಜಾಗ ಉಳಿಯುತ್ತದೆ. ಒಟ್ಟು 7.15 ಬಂತು. ಚಾರ್ಜರ್, ವೈರುಗಳನ್ನು ಬಟ್ಟೆ ಸೂಟ್‌ಕೇಸಿಗೆ ಹಾಕಿದೆ, 6.95ಕ್ಕೆ ಇಳಿಯಿತು. ಬಿಡಿ ಬ್ಯಾಟರಿ, ಪವರ್ ಬ್ಯಾಂಕು ಮಾತ್ರ ಸೂಟ್‌ಕೇಸಿಗೆ ಹಾಕುವ ಹಾಗಿಲ್ಲ, ಕೈಚೀಲದಲ್ಲೇ ಇರಬೇಕು. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಕ್ಯಾಬಿನ್‌ನಲ್ಲಾದರೆ ಆರಿಸಬಹುದು, ಕೆಳಗೆ ಲಗೇಜಿನ ಜಾಗಕ್ಕೆ ಹೋಗಿ ಆರಿಸಲು ಯಾರಿಗೂ ಆಗಲ್ಲ.

ಈಗ ಡಬ್ಬಿಯ ಕುಂದುಗಳು. ದೊಡ್ಡ ಲೆನ್ಸನ್ನು ಕ್ಯಾಮೆರಾಕ್ಕೆ ಹಾಕಿಟ್ಟರೆ ಹಿಡಿಸುವುದಿಲ್ಲ, ಬಿಚ್ಚಿಯೇ ಇಡಬೇಕು. ಹಕ್ಕಿ ಎದುರಿಗೆ ಬಂದು ಕೂತಾಗ ಜೋಡಿಸುತ್ತಾ ನಿಂತರೆ ಅದು ಕಾಯುತ್ತಾ? ನಡುವಿನ ಫೋಮ್ ಗೋಡೆಗಳ ವೆಲ್‌ಕ್ರೋ ಎರಡೇ ಪ್ರಯಾಣಕ್ಕೆ ಸಡಿಲವಾಗಿದೆ. ನಾನು ಕಾಲುಚೀಲ ಮಡಚಿ ತುರುಕಿದ್ದೇನೆ. ಮಳೆಗೆ ಮಾತ್ರ ಇದು ಏನಕ್ಕೂ ಆಗಲ್ಲ. ಜೂನಿನಲ್ಲಿ ಗೋಣಿಕೊಪ್ಪ ಬಸ್ ಸ್ಟ್ಯಾಂಡಿನಿಂದ ಜೀಪಿನವರೆಗೆ ಓಡುವಷ್ಟರಲ್ಲಿ ಬ್ಯಾಗಿನ ಜೊತೆ ಡಬ್ಬಿಯ ತಳವೂ ಒದ್ದೆ. ಈಗ ಒಳಗೊಂದು ದಪ್ಪ ಪ್ಲಾಸ್ಟಿಕ್ ಚೀಲ ಇರುತ್ತದೆ. ಸೊಂಟದ ಪಟ್ಟಿ ಇಲ್ಲದ್ದರಿಂದ ಅರ್ಧ ಗಂಟೆ ನಡೆದರೆ ಹೆಗಲು ಹಿಡಿಯುತ್ತದೆ.

ಆದರೂ ಐದಕ್ಕೆ ನಾಲ್ಕು ಕೊಡುತ್ತೇನೆ. ಹೋದ ಸಲ ಕೌಂಟರಿನಲ್ಲಿ ತೂಕಕ್ಕೆ ಇಟ್ಟಾಗ ಯಾರೂ ತಲೆ ಎತ್ತಿಯೂ ನೋಡಲಿಲ್ಲ. ಹಳೆ ಬ್ಯಾಗು ಜೀಪಿನ ಹಿಂದಿನ ಸೀಟಿನಲ್ಲೇ ಇದೆ. ನಾಗರಹೊಳೆಗೆ ಈಗಲೂ ಅದೇ.