ಚಾಕುಗೆ ಸ್ಟ್ರಾಪಿಂಗ್ ಕಾಂಪೌಂಡ್: ಹಸಿರು, ಬಿಳಿ, ಕೆಂಪು, ಡೈಮಂಡ್ ನಾಲ್ಕೂ ಹಚ್ಚಿ ನೋಡಿದ್ದು

1000 ಗ್ರಿಟ್ ಕಲ್ಲಲ್ಲಿ ಮಸೆದಾದ್ಮೇಲೆ ಚಾಕು ಬಾಯಲ್ಲಿ ಒಂದು ಸಣ್ಣ ಬರ್, ಅಂದ್ರೆ ಅಂಚಲ್ಲಿ ಮಡಚಿ ನಿಂತ ಲೋಹದ ತೆಳು ಎಳೆ, ಉಳ್ಕೊಳುತ್ತೆ, ಉಗುರು ಸವರಿದ್ರೆ ಗೊತ್ತಾಗುತ್ತೆ. ಅದನ್ನ ತೆಗೆಯೋಕೆ ಚಾಕುನ ಚರ್ಮದ ಪಟ್ಟಿ ಮೇಲೆ ಎಳೆಯೋದೇ ಸ್ಟ್ರಾಪಿಂಗ್, ಪಟ್ಟಿಗೆ ಹಚ್ಚೋ ಪಾಲಿಶ್ ಮಸಾಲೆನೇ ಕಾಂಪೌಂಡ್. ಯಾವುದು ಹಚ್ಚಬೇಕು ಅಂತ ಕೇಳೋರು ತುಂಬಾ ಜನ. ನನ್ ಹತ್ರ ಇರೋದು ಒಂದು ಕಾರ್ಬನ್ ಸ್ಟೀಲ್ ಅಡುಗೆ ಚಾಕು, ಒಂದು ಸಾಧಾರಣ ಸ್ಟೇನ್‌ಲೆಸ್, ಆಮೇಲೆ ಎಸ್30ವಿ ಅನ್ನೋ ವೆನೇಡಿಯಂ ಬೆರೆತ ಸ್ಟೀಲಿನ ಮಡಚೋ ಚಾಕು. ಕಾಂಪೌಂಡ್‌ಗೊಂದು ಪಟ್ಟಿ ಇಟ್ಕೊಂಡು ಮೂರಕ್ಕೂ ಹಾಕಿ ನೋಡ್ದೆ.

ಹಸಿರು ಅಂದ್ರೆ ಕ್ರೋಮಿಯಂ ಆಕ್ಸೈಡ್, ಸಾಮಾನ್ಯವಾಗಿ 0.5 ಮೈಕ್ರಾನ್ ಅಂತ ಮಾರ್ತಾರೆ, ಆದ್ರೆ ಎಷ್ಟೋ ಬಾರ್‌ಗಳಲ್ಲಿ ಅಲ್ಯೂಮಿನಿಯಂ ಆಕ್ಸೈಡೂ ಬೆರೆಸಿರ್ತಾರೆ. ಮೇಣದ ಬಾರ್ ಆದ್ರಿಂದ ತಣ್ಣಗಿದ್ರೆ ಚರ್ಮಕ್ಕೆ ಹತ್ತಲ್ಲ, ಹೇರ್ ಡ್ರೈಯರ್‌ನಲ್ಲಿ ಒಂಚೂರು ಬಿಸಿ ಮಾಡಿ ತೆಳ್ಳಗೆ ಉಜ್ಜಿ, ದಪ್ಪ ಹಚ್ಚಿದ್ರೆ ಗಂಟು ಗಂಟಾಗಿ ಬರೀ ತೊಂದ್ರೆ. ಕಾರ್ಬನ್ ಸ್ಟೀಲ್ ಎಳೀತಿದ್ದ ಹಾಗೇ ಹಸಿರಿನ ಮೇಲೆ ಕಪ್ಪು ಗೆರೆ ಬೀಳುತ್ತೆ, ಅದು ಸವೆದ ಲೋಹ, ಕೆಲಸ ಆಗ್ತಿದೆ ಅಂತ ಅರ್ಥ. ಬರ್ ಹೋಯ್ತು, ಪೇಪರ್ ಸಲೀಸಾಗಿ ಹರೀತು, ಟೊಮೆಟೊ ಸಿಪ್ಪೆಗೂ ಚೆನ್ನಾಗಿ ಕಚ್ಕೊಳ್ತು.

ಬಿಳಿದು ಅಲ್ಯೂಮಿನಿಯಂ ಆಕ್ಸೈಡ್. ಕಣದ ಗಾತ್ರ ಕಂಪನಿಯಿಂದ ಕಂಪನಿಗೆ ಬೇರೆ, ನಂಗೆ ಸಿಕ್ಕಿದ್ದು ಹಸಿರಿಗಿಂತ ಜೋರಾಗಿ ಕಡೀತು, ಫಿನಿಶ್ ಸ್ವಲ್ಪ ತರಿ. ಸ್ಟೇನ್‌ಲೆಸ್ ಚಾಕುಗೆ ಸಾಕು.

ಕೆಂಪು ಬೇಡ. ಅದು ಐರನ್ ಆಕ್ಸೈಡ್, ಚಿನ್ನಬೆಳ್ಳಿ ಕೆಲಸದೋರು ಪಾಲಿಶ್‌ಗೆ ಬಳಸೋದು, ಗಟ್ಟಿ ಮಾಡಿದ ಸ್ಟೀಲ್ ಮುಂದೆ ಅದರ ಆಟ ನಡೆಯಲ್ಲ. ಹೊಳಪು ಬಂತು, ಬರ್ ಹಾಗೇ ಇತ್ತು.

ಈಗ ಡೈಮಂಡ್ ಪೇಸ್ಟ್. ಎಸ್30ವಿಯಲ್ಲಿ ವೆನೇಡಿಯಂ ಕಾರ್ಬೈಡ್ ಇರುತ್ತೆ, ಅದು ಹಸಿರು ಬಿಳಿ ಎರಡಕ್ಕಿಂತಲೂ ಗಟ್ಟಿ, ಹಾಗಾಗಿ ಅವೆರಡೂ ಎಷ್ಟು ಎಳೆದ್ರೂ ಅಷ್ಟಕ್ಕಷ್ಟೆ, 1 ಮೈಕ್ರಾನ್ ಡೈಮಂಡ್ ಹಾಕಿದ್ ತಕ್ಷಣ ವ್ಯತ್ಯಾಸ ಗೊತ್ತಾಯ್ತು. ಸಿರಿಂಜಿಂದ ಅಕ್ಕಿಕಾಳಷ್ಟು ಹಚ್ಚಿದ್ರೆ ಇಡೀ ಪಟ್ಟಿಗೆ ಆಗುತ್ತೆ. ಮೆತ್ತನೆ ಚರ್ಮಕ್ಕಿಂತ ಬಾಲ್ಸಾ ಮರ ಅಥವಾ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ತುಂಡೇ ವಾಸಿ, ಮೇಲ್ಮೈ ತಗ್ಗಲ್ಲ, ಬಾಯಿ ಉರುಟಾಗಲ್ಲ. 0.25 ಮೈಕ್ರಾನೂ ನೋಡ್ದೆ, ಕೈ ಮೇಲಿನ ಕೂದಲು ಹಾರಿಹೋಗುತ್ತೆ, ಆದ್ರೆ ಮಾಗಿದ ಟೊಮೆಟೊ ಮೇಲೆ ಇಟ್ರೆ ಜಾರುತ್ತೆ! ಅಡುಗೆಮನೆಗೆ ಅಷ್ಟು ನುಣುಪು ಯಾಕ್ರೀ, ಯೂಟ್ಯೂಬ್‌ನಲ್ಲಿ ತೋರ್ಸೋಕೆ ಚೆಂದ ಅಷ್ಟೆ.

ಯಾವುದೇ ಆಗ್ಲಿ, ಬೆನ್ನು ಮುಂದೆ ಬಾಯಿ ಹಿಂದೆ, ಚಾಕು ಭಾರಕ್ಕಿಂತ ಸ್ವಲ್ಪ ಜಾಸ್ತಿ ಒತ್ತಡ, ಸಾಕು. ಡೈಮಂಡ್ ಪಟ್ಟಿ ಮೇಲೆ ಎಳೆದ ಚಾಕುನ ಒರೆಸದೆ ಹಸಿರಿಗೆ ತರಬೇಡಿ, ಒಂದು ದಪ್ಪ ಕಣ ಬಂದ್ರೂ ಗೀರು.

ಒಂದೇ ತಗೊಳೋದಾದ್ರೆ ಹಸಿರು. ಚಾಕು ಮೇಲೆ ಎಸ್30ವಿ, ಎಸ್90ವಿ ಅಂತ ಬರೆದಿದ್ರೆ ಮಾತ್ರ 1 ಮೈಕ್ರಾನ್ ಡೈಮಂಡ್. ಈಳಿಗೆಮಣೆ ಇರೋರಿಗೆ ಚಪ್ಪಟೆ ಪಟ್ಟಿ ಉಪಯೋಗಕ್ಕೆ ಬರಲ್ಲ, ಒಳಬಾಗು ಇರುತ್ತಲ್ಲ, ಒಂದು ಉರುಟು ಕೋಲಿಗೆ ಚರ್ಮ ಸುತ್ತಿ ಹಸಿರು ಹಚ್ಚಿ, ಮಣೆನ ಕಾಲಲ್ಲಿ ಗಟ್ಟಿ ಹಿಡ್ಕೊಂಡು ಬೆನ್ನಿಂದ ಬಾಯಿ ಕಡೆಗೆ ಮಾತ್ರ ಎಳೀರಿ.