ಪೈಪರ್ ಕಬ್ ಬಾಲ್ಸಾ ಕಿಟ್ (ಹಗುರ ಬಾಲ್ಸಾ ಮರದಲ್ಲಿ ನಾವೇ ಕಟ್ಕೊಳ್ಳೋ ಮಾದರಿ ವಿಮಾನ), ಮೂರು ತಿಂಗ್ಳು ಕೂತು ಕಟ್ಟಿದ್ಮೇಲೆ ಬರೀತಿರೋದು

ಪೈಪರ್ ಜೆ-3 ಕಬ್, 1/6 ಸ್ಕೇಲು, ಅಸಲಿ ವಿಮಾನದ ರೆಕ್ಕೆ 35 ಅಡಿ ಚಿಲ್ಲರೆ ಅಂದ್ರೆ ಇದು ಹತ್ರತ್ರ 70 ಇಂಚು, ಬಾಕ್ಸ್ ನೋಡಿದ ತಕ್ಷಣ ಮನೇಲಿ "ಇದನ್ನ ಎಲ್ಲಿ ಇಡ್ತೀರಾ" ಅಂತ ಶುರುವಾಯ್ತು. ಲೇಸರ್ ಕಟಿಂಗ್ ಮಾತ್ರ ಸೂಪರ್, ರೆಕ್ಕೆಗೆ ಆಕಾರ ಕೊಡೋ ರಿಬ್‌ಗಳು ಬೆರಳಲ್ಲಿ ಒತ್ತಿದ್ರೆ ಶೀಟಿಂದ ಬಿಟ್ಕೊಂಡು ಬರುತ್ವೆ, ಸ್ಪಾರ್ (ರೆಕ್ಕೆಯ ಉದ್ದಕ್ಕೂ ಹೋಗೋ ತೊಲೆ) ಮೇಲೆ ಟಕ್ ಅಂತ ಕೂರುತ್ವೆ.

ಆದ್ರೆ ಮರ ಒಂದೇ ಥರ ಇಲ್ಲ. ಒಂದು ಸ್ಪಾರ್ ಬಾಳೆದಿಂಡಿನ ಹಾಗೆ ಮೆತ್ತಗೆ, ಇನ್ನೊಂದು ಗಟ್ಟಿ, ಅಂಗಡಿಯವ್ರಿಗೆ ಫೋಟೋ ಕಳ್ಸಿದ್ರೆ "ಮರ ಅಲ್ವಾ ಸರ್, ಹಂಗೇ ಇರುತ್ತೆ" ಅಂದ್ರು. ಹೊಸದು ನಾನೇ ದುಡ್ಡು ಕೊಟ್ಟು ತಂದೆ.

ಫಿನಿಶಿಂಗಲ್ಲಿ ಅವಸರ ಬೇಡ. ಉಪ್ಪುಕಾಗದ ಹಾಕಿ ಉಜ್ಜಿದ್ಮೇಲೆ ಧೂಳು ಪೂರ್ತಿ ಒರೆಸ್ಲೇಬೇಕು, ನಾನು ಒರೆಸದೇನೇ ಹಳದಿ ಫಿಲ್ಮ್ (ಮೇಲೆ ಹೊದಿಸೋ, ಬಿಸಿ ಮಾಡಿದ್ರೆ ಬಿಗಿಯಾಗೋ ಪ್ಲಾಸ್ಟಿಕ್ ಹಾಳೆ) ಹಾಕ್ಬಿಟ್ಟೆ, ಒಳಗಿನ ಕಾಳುಗಳೆಲ್ಲ ಮೊಡವೆ ಥರ ಎದ್ದು ಕಾಣ್ತಿದ್ವು, ಕಿತ್ತು ಮತ್ತೆ ಹಾಕಿದ್ದಾಯ್ತು. ಮೊದ್ಲು ಅಂಚು ಅಂಟಿಸಿ, ಆಮೇಲೆ ನಡುವೆ ಬಿಸಿ ತೋರಿಸಿ, ತಮಟೆ ಥರ ಬಿಗಿಯಾಗುತ್ತೆ. ಪಕ್ಕದ ಕರಿ ಮಿಂಚಿನ ಪಟ್ಟಿ ಸ್ಟಿಕ್ಕರ್ ಚೆನ್ನಾಗಿದೆ, ಗುಳ್ಳೆ ಬರ್ಲಿಲ್ಲ.

ಕಬ್‌ಗೆ ಮೂತಿ ಗಿಡ್ಡ, ಅದಕ್ಕೆ ಬಾಲ ಭಾರ ಆಗುತ್ತೆ, ಬ್ಯಾಟರಿ ಪೂರ್ತಿ ಮುಂದೆ ತಳ್ಳಿದ್ರೂ ಸಾಲ್ದೆ ಮೀನು ಹಿಡಿಯೋ ಗಾಳದ ಸೀಸ ತುರುಕಿದ್ದೀನಿ. ಮ್ಯಾನುಯಲಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ!

ಹಾರಾಟ ಮಾತ್ರ ಬೆಣ್ಣೆ. 5ಕ್ಕೆ 3.5.